ಹೊಲಿಗೆ ಬೀಳುವ ಮುನ್ನ ಮಾಡಬಹುದಾದ ತಯಾರಿ

ಬಾಣಂತಿಯನ್ನು ನೋಡಲು ಬಂದ ಹೆಂಗಸರು ಮಗುವಿನ ತೂಕ ಕೇಳಿಯಾದ ಮೇಲೆ ದನಿ ತಗ್ಗಿಸಿ ಇನ್ನೊಂದು ಪ್ರಶ್ನೆ ಹಾಕುತ್ತಾರೆ: ‘ಎಷ್ಟು ಹೊಲಿಗೆ ಹಾಕಿದ್ರು?’ ಹೆರಿಗೆಗೆ ಮುನ್ನ ಮಾತ್ರ ಬಸುರಿಯ ಮುಂದೆ ಈ ವಿಷಯ ಎತ್ತುವವರು ಕಡಿಮೆ. ಸೀಮಂತದ ಸೀರೆಯಿಂದ ತೊಟ್ಟಿಲವರೆಗೆ ಎಲ್ಲಕ್ಕೂ ತಯಾರಿ ನಡೆಯುತ್ತದೆ, ಮಗು ಹೊರಬರುವ ದಾರಿಯೊಂದನ್ನು ಬಿಟ್ಟು.

ಯೋನಿದ್ವಾರಕ್ಕೂ ಗುದದ್ವಾರಕ್ಕೂ ನಡುವೆ ಇರುವ ಚರ್ಮ ಮತ್ತು ಸ್ನಾಯುಗಳ ಭಾಗವನ್ನು ವೈದ್ಯರು ಪೆರಿನಿಯಂ ಎನ್ನುತ್ತಾರೆ. ಮಗುವಿನ ತಲೆ ಹೊರಬರುವಾಗ ವಿಪರೀತ ಹಿಗ್ಗುವುದು ಇದೇ ಜಾಗ. ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜಿನ ಪ್ರಕಾರ, ಮೊದಲ ಸಲ ನಾರ್ಮಲ್ ಹೆರಿಗೆಯಾಗುವ 10 ಮಂದಿಯಲ್ಲಿ 9 ಮಂದಿಗೆ ತರಚು, ಸೀಳು ಅಥವಾ ವೈದ್ಯರೇ ಹಾಕುವ ಕೊಯ್ತ, ಯಾವುದಾದರೊಂದು ಆಗುತ್ತದೆ. ಹರಿದರೆ ಅದು ಹೆತ್ತವಳ ತಪ್ಪಲ್ಲ. ಹೆಚ್ಚಿನ ಗಾಯಗಳು ಚರ್ಮ ಹಾಗೂ ಅದರಡಿಯ ಸ್ನಾಯುವಿಗೆ ನಿಂತು, ಕೆಲವು ವಾರಗಳಲ್ಲಿ ಮಾಯುತ್ತವೆ. ಗುದದ ಬಿಗಿಸ್ನಾಯುವಿಗೂ ಸೀಳು ಹೋದರೆ ಮೂರನೆಯ ದರ್ಜೆ, ಅದರ ಒಳಪದರವೂ ಹರಿದರೆ ನಾಲ್ಕನೆಯದು. ಬ್ರಿಟನ್ನಿನಲ್ಲಿ ಇವೆರಡೂ ಸೇರಿ ಚೊಚ್ಚಲ ಹೆರಿಗೆಗಳಲ್ಲಿ 100ಕ್ಕೆ ಸುಮಾರು 6.

ಮನೆಯಲ್ಲೇ ಮಾಡಿಕೊಳ್ಳಬಹುದಾದ ತಯಾರಿಯೆಂದರೆ ಆ ಜಾಗದ ಮಸಾಜ್. ಸುಮಾರು 35ನೇ ವಾರದಿಂದ ಶುರು ಮಾಡಬೇಕು. ಬಿಸಿನೀರಿನ ಸ್ನಾನವಾದ ಮೇಲೆ, ಉಗುರು ಕತ್ತರಿಸಿ, ಕೈ ಚೆನ್ನಾಗಿ ತೊಳೆದು, ಪರಿಮಳ ಬೆರೆಸದ ಕೊಬ್ಬರಿ ಎಣ್ಣೆಯನ್ನೋ ಬಾದಾಮಿ ಎಣ್ಣೆಯನ್ನೋ ಹೆಬ್ಬೆರಳಿಗೆ ಸವರಿಕೊಳ್ಳುವುದು. ಬೆರಳನ್ನು ಮೂರು-ನಾಲ್ಕು ಸೆಂಟಿಮೀಟರ್ ಒಳಗಿಟ್ಟು ಗುದದ ಕಡೆಗೆ ಮೆಲ್ಲಗೆ ಒತ್ತಿ, ಎಳೆತ ಗೊತ್ತಾಗುವವರೆಗೆ ಹಿಡಿದು, ಆಮೇಲೆ ಎಡಕ್ಕೂ ಬಲಕ್ಕೂ ನೀವುವುದು. ಮೇಲ್ಭಾಗದ ಮೂತ್ರದ್ವಾರದ ಕಡೆ ಒತ್ತಬಾರದು. ಐದು ನಿಮಿಷ ಸಾಕು. ಹೊಟ್ಟೆ ಅಡ್ಡ ಬಂದು ಕೈ ಎಟುಕದಿದ್ದರೆ, ಹೆಂಡತಿ ಒಪ್ಪಿದರೆ, ಗಂಡ ಮಾಡಬಹುದು.

ಇದರಿಂದ ಎಷ್ಟು ಲಾಭ? ಸುಮಾರು 2,500 ಗರ್ಭಿಣಿಯರ ಮೇಲೆ ನಡೆದ ನಾಲ್ಕು ಪ್ರಯೋಗಗಳನ್ನು ಕಾಕ್ರೇನ್ ಸಂಸ್ಥೆ ಒಟ್ಟಿಗೆ ತೂಗಿ ನೋಡಿದೆ. ಚೊಚ್ಚಲ ಹೆರಿಗೆಯ 15 ಮಂದಿ ಹೀಗೆ ಮಸಾಜ್ ಮಾಡಿಕೊಂಡರೆ ಒಬ್ಬಳಿಗೆ ಹೊಲಿಗೆ ತಪ್ಪುತ್ತದೆ. ಪವಾಡವೇನಲ್ಲ, ಆದರೆ ಖರ್ಚಿಲ್ಲದ ಕೆಲಸಕ್ಕೆ ಇದು ಸಣ್ಣ ಫಲವೂ ಅಲ್ಲ. ದಿನಾ ಮಾಡಬೇಕೆಂಬ ಹಟವೂ ಬೇಡ, ವಾರಕ್ಕೆ ಒಂದೆರಡು ಸಲ ಮಾಡಿದವರಿಗೂ ಪ್ರಯೋಜನ ಕಂಡಿದೆ. ರಕ್ತಸ್ರಾವ, ಸೋಂಕು, ಗರ್ಭಕೋಶದ ಬಾಯಿಗೆ ಮಾಸು ಅಡ್ಡವಿರುವುದು, ನೀರು ಒಡೆದಿರುವುದು, ಅವಧಿಗೆ ಮುನ್ನ ನೋವು ಬರುವ ಭಯ, ಇವುಗಳಲ್ಲಿ ಯಾವುದಿದ್ದರೂ ಮಸಾಜ್ ಮಾಡಕೂಡದು. ಏನಿಲ್ಲದಿದ್ದರೂ ಮೊದಲು ವೈದ್ಯರನ್ನು ಕೇಳುವುದೇ ಸರಿ.

ಉಳಿದ ತಯಾರಿ ಹೆರಿಗೆ ಕೋಣೆಯದು, ಮತ್ತು ತೀವ್ರ ಸೀಳುಗಳನ್ನು ತಡೆಯುವ ವಿಚಾರದಲ್ಲಿ ಅದೇ ಹೆಚ್ಚು ಮುಖ್ಯ. ತಾಯಿ ಮುಕ್ಕುವ ಹೊತ್ತಿನಲ್ಲಿ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಆ ಜಾಗಕ್ಕೆ ಒತ್ತಿ ಹಿಡಿದರೆ ಮೂರು-ನಾಲ್ಕನೆಯ ದರ್ಜೆಯ ಗಾಯಗಳು ಕಡಿಮೆಯಾಗುತ್ತವೆ. ತಲೆ ಕಾಣಿಸಿಕೊಂಡಾಗ ಜೋರಾಗಿ ಮುಕ್ಕದೆ, ಬಾಯಿಂದ ಚಿಕ್ಕ ಚಿಕ್ಕ ಉಸಿರು ಬಿಡುತ್ತ ಅದು ನಿಧಾನವಾಗಿ ಜಾರಿಬರಲು ಬಿಡಬೇಕು. ‘ಮುಕ್ಕು, ಮುಕ್ಕು’ ಎಂಬ ಕೂಗಿನ ನಡುವೆ ಈ ಮಾತು ಹೆರುವವಳಿಗೆ ತಾನಾಗಿ ಹೊಳೆಯುವುದಿಲ್ಲ. ತಿಂಗಳ ಮೊದಲೇ ಹೇಳಿಕೊಟ್ಟಿರಬೇಕು.

‘ಹರಿಯುವ ಬದಲು ಕೊಯ್ದರೆ ಒಳ್ಳೆಯದಲ್ಲವೇ?’ ಎಂದು ಬಹಳ ಮಂದಿ ಕೇಳುತ್ತಾರೆ. 1920ರಲ್ಲಿ ಶಿಕಾಗೋದ ಪ್ರಸೂತಿ ವೈದ್ಯ ಜೋಸೆಫ್ ಡಿಲೀ ಅದನ್ನೇ ವಾದಿಸಿದರು, ಮತ್ತು ಆ ಪದ್ಧತಿ ದಶಕಗಳ ಕಾಲ ನಡೆಯಿತು. 1993ರಲ್ಲಿ ಅರ್ಜೆಂಟೀನಾದಿಂದ ಬಂದ ದೊಡ್ಡ ಪ್ರಯೋಗವೊಂದರ ಫಲಿತಾಂಶ ಬೇರೆಯೇ ಹೇಳಿತು: ಎಲ್ಲರಿಗೂ ಕೊಯ್ಯುವುದರಿಂದ ತೀವ್ರ ಗಾಯ ಕಡಿಮೆಯಾಗಲಿಲ್ಲ. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ವಾಡಿಕೆಯ ಕೊಯ್ತ ಬೇಡವೆಂದಿತು. ಮಗುವಿನ ಎದೆಬಡಿತ ಇಳಿದಾಗ, ಫೋರ್ಸೆಪ್ಸ್ ಬಳಸಬೇಕಾದಾಗ ಕೊಯ್ತ ಬೇಕಾಗಬಹುದು. ಎಲ್ಲರಿಗೂ ಅಲ್ಲ. ನಿಮ್ಮಲ್ಲಿ ಯಾವಾಗ ಕೊಯ್ಯುತ್ತೀರಿ, ಬಿಸಿ ಬಟ್ಟೆ ಒತ್ತುತ್ತೀರಾ ಎಂದು ಒಂಬತ್ತನೇ ತಿಂಗಳ ತಪಾಸಣೆಯಲ್ಲಿ ಕೇಳುವುದು ಬಸುರಿಯ ಹಕ್ಕು.

ಇಷ್ಟೆಲ್ಲ ಮಾಡಿಯೂ ಹರಿದರೆ, ಹೆರಿಗೆಯಾದ ಕೂಡಲೇ ಗುದದ್ವಾರವನ್ನೂ ಪರೀಕ್ಷಿಸಿ ಗಾಯ ಎಷ್ಟು ಆಳವೆಂದು ನೋಡಬೇಕು. ಮನೆಗೆ ಬಂದ ಮೇಲೆ ವಾಯು ಅಥವಾ ಮಲ ತಡೆಯಲಾಗದಿದ್ದರೆ ನಾಚಿಕೆಪಟ್ಟು ಸುಮ್ಮನಿರದೆ ವೈದ್ಯರಿಗೆ ಹೇಳಬೇಕು. ಅದಕ್ಕೆ ವ್ಯಾಯಾಮ, ಔಷಧಿ, ಅಗತ್ಯಬಿದ್ದರೆ ಶಸ್ತ್ರಚಿಕಿತ್ಸೆಯೂ ಇದೆ.