ಗುಂಟೆ ಲೆಕ್ಕದ ಉಪಗ್ರಹ

1970ರಲ್ಲಿ ಕೇರಳದ ತೆಂಗಿನ ತೋಟಗಳ ಮೇಲೆ ಹೆಲಿಕಾಪ್ಟರ್ ಒಂದು ಹಾರಿತು. ಅದರೊಳಗೆ ಅವಕೆಂಪು ಫಿಲ್ಮ್ ತುಂಬಿದ ಕ್ಯಾಮೆರಾ ಇತ್ತು. ವಿಜ್ಞಾನಿ ಪಿ.ಆರ್. ಪಿಷಾರೋಟಿ ಅವರ ತಂಡ ಹುಡುಕುತ್ತಿದ್ದುದು ಸೊರಗು ರೋಗ ತಗುಲಿದ ಮರಗಳನ್ನು. ಆರೋಗ್ಯವಾಗಿರುವ ಎಲೆ ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಧಾರಾಳವಾಗಿ ಪ್ರತಿಫಲಿಸುತ್ತದೆ. ಬಳಲಿದ ಎಲೆಯಲ್ಲಿ ಆ ಪ್ರತಿಫಲನ ಕುಗ್ಗುತ್ತದೆ. ಹಾಗಾಗಿ ಚಿತ್ರದಲ್ಲಿ ಗಟ್ಟಿಮುಟ್ಟಾದ ಮರಗಳು ಕೆಂಪಗೆ, ರೋಗದವು ಮಂಕಾಗಿ ಮೂಡಿದವು. ನಮ್ಮ ದೂರಸಂವೇದಿ ಉಪಗ್ರಹಗಳ ಕಥೆಯ ಬೇರು ಇರುವುದು ಆ ತೋಟಗಳಲ್ಲಿ.

1979 ಮತ್ತು 1981ರಲ್ಲಿ ಹಾರಿದ ಎರಡು ಭಾಸ್ಕರ ಉಪಗ್ರಹಗಳು ಪ್ರಯೋಗಕ್ಕೆಂದು ಮಾಡಿದವು. ದಿನನಿತ್ಯದ ಕೆಲಸಕ್ಕೆ ಒದಗಿದ್ದು ಐಆರ್‌ಎಸ್-1ಎ. ಬೆಂಗಳೂರಿನ ಇಸ್ರೊ ಉಪಗ್ರಹ ಕೇಂದ್ರದಲ್ಲಿ ರೂಪುಗೊಂಡ, 975 ಕಿಲೊ ತೂಕದ ಈ ಉಪಗ್ರಹ 1988ರ ಮಾರ್ಚ್ 17ರಂದು ಬೈಕನೂರಿನಿಂದ ಸೋವಿಯತ್ ರಾಕೆಟ್ ಏರಿ ಹೊರಟಿತು. ಆಗ ಇಸ್ರೊ ಅಧ್ಯಕ್ಷರಾಗಿದ್ದವರು ಉಡುಪಿ ಸೀಮೆಯ ಅದಮಾರಿನ ಯು.ಆರ್. ರಾವ್.

ಭೂಮಿಯಿಂದ 904 ಕಿಲೊಮೀಟರ್ ಎತ್ತರ. 22 ದಿನಕ್ಕೊಮ್ಮೆ ಅದೇ ಜಾಗದ ಮೇಲೆ, ಅದೇ ಬೆಳಗಿನ ಹೊತ್ತಿಗೆ ಮರಳಿ ಬರುವ ಕಕ್ಷೆ. ಈ ಉಪಗ್ರಹದ ನಿಜವಾದ ಶಕ್ತಿ ಈ ನಿಷ್ಠೆಯಲ್ಲಿತ್ತು ಎಂದು ನಾನು ನಂಬಿದ್ದೇನೆ. ಒಂದೇ ಹೊತ್ತಿಗೆ ತೆಗೆದ ಚಿತ್ರಗಳಲ್ಲಿ ಬಿಸಿಲಿನ ಓರೆ ಹೆಚ್ಚುಕಡಿಮೆ ಒಂದೇ ಇರುತ್ತದೆ. ಆಗ ಹೋದ ಬಾರಿಗೂ ಈ ಬಾರಿಗೂ ಕಾಣುವ ವ್ಯತ್ಯಾಸ ನೆರಳಿನದಲ್ಲ, ನೆಲದ್ದೇ ಎಂದು ಹೇಳಬಹುದು. ಕೆರೆ ಎಷ್ಟು ಬತ್ತಿತು, ಕಾಡಿನ ಅಂಚು ಎಷ್ಟು ಹಿಂದೆ ಸರಿಯಿತು ಎನ್ನುವುದಕ್ಕೆಲ್ಲ ಅದೇ ಆಧಾರ.

ಐಆರ್‌ಎಸ್-1ಎ ಕ್ಯಾಮೆರಾಗಳಲ್ಲಿ ಚುರುಕಾದದ್ದಕ್ಕೂ 36.25 ಮೀಟರ್ ಚೌಕವೇ ಚಿತ್ರದ ಒಂದು ಚುಕ್ಕೆ. ನಮ್ಮ ರೈತರ ಲೆಕ್ಕದಲ್ಲಿ ಸುಮಾರು ಹದಿಮೂರು ಗುಂಟೆ! ಬದು, ಬಾವಿ, ಅಂಚಿನ ಹುಣಸೆಮರ ಎಲ್ಲವೂ ಆ ಒಂದೇ ಚುಕ್ಕೆಯೊಳಗೆ ಕಲಸಿಹೋಗುತ್ತಿದ್ದವು. 2003ರಲ್ಲಿ ಪಿಎಸ್‌ಎಲ್‌ವಿ ಏರಿದ ರಿಸೋರ್ಸ್‌ಸ್ಯಾಟ್-1ರ ಲಿಸ್-4 ಕ್ಯಾಮೆರಾಕ್ಕೆ ಚುಕ್ಕೆಯೆಂದರೆ 5.8 ಮೀಟರ್, ಗುಂಟೆಯ ಮೂರನೇ ಒಂದು ಭಾಗ. 2011 ಮತ್ತು 2016ರಲ್ಲಿ ಅದರ ತಮ್ಮಂದಿರು ಹಿಂಬಾಲಿಸಿದರು.

ನೀರಿನ ವಿಷಯದಲ್ಲಿ ಈ ಉಪಗ್ರಹಗಳು ನೆಲದಡಿಯದನ್ನೂ ಕಾಣುತ್ತವೆ ಎಂಬ ತಪ್ಪು ಕಲ್ಪನೆಯಿದೆ. ಇವು ಅಂತರ್ಜಲವನ್ನು ನೋಡಲಾರವು. ಕೋಲಾರ, ಚಿತ್ರದುರ್ಗದಂಥ ಗಟ್ಟಿಬಂಡೆಯ ಸೀಮೆಯಲ್ಲಿ ನೀರು ನಿಲ್ಲುವುದು ಬಂಡೆಯ ಬಿರುಕುಗಳಲ್ಲಿ. ಆ ಬಿರುಕುಗಳು ಮೇಲಿನಿಂದ ಉದ್ದನೆಯ ಗೆರೆಗಳಾಗಿ, ಕೆಲವೆಡೆ ಸಾಲು ಹಸಿರಾಗಿ ಕಾಣುತ್ತವೆ. ಭೂವಿಜ್ಞಾನಿ ಆ ಗೆರೆ ಹಿಡಿದು ಹೊರಟು, ನೆಲದ ಮೇಲೆ ಪರೀಕ್ಷೆ ಮಾಡಿದ ಮೇಲಷ್ಟೇ ಬೋರ್‌ವೆಲ್ ಜಾಗ ಗುರುತಿಸುವುದು. ನೆಲಕ್ಕಿಳಿಯದೆ ಬರಿಯ ಚಿತ್ರ ನಂಬುವುದು ಸರಿಯಲ್ಲ.

ಇನ್ನೊಂದು ತೊಡಕು ಮುಂಗಾರು. ಬೆಳೆಯನ್ನು ನೋಡಲೇಬೇಕಾದ ತಿಂಗಳುಗಳಲ್ಲೇ ಮೋಡ ಕವಿದಿರುತ್ತದೆ. ಈ ಕ್ಯಾಮೆರಾಗಳು ಮೋಡ ಭೇದಿಸಲಾರವು. ಮೋಡದ ಮೂಲಕವೂ ಮಳೆಗಾಲದ ಭತ್ತದ ಗದ್ದೆಯನ್ನು ಓದಬಲ್ಲ, ರೇಡಾರ್ ಹೊತ್ತ ನಮ್ಮ ರಿಸ್ಯಾಟ್-1 ಬಂದದ್ದು 2012ರಲ್ಲಿ.