ಬಿಸಿಲಿನ ನಾಡಿಗೆ ಹೊರಡುವ ಮುನ್ನ

ಕಳೆದ ದೀಪಾವಳಿಯ ಮರುವಾರ ಪಾಂಡವಪುರದ ಬೆಲ್ಲದ ವರ್ತಕರೊಬ್ಬರು ನಮ್ಮ ಕಚೇರಿಗೆ ಬಂದರು. ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಅವರ ಲೆಕ್ಕಪತ್ರಗಳನ್ನು ನೋಡಿಕೊಂಡು ಬಂದಿರುವ ನನಗೆ ಅವರ ಭೇಟಿಯೆಂದರೆ ಜಿ.ಎಸ್.ಟಿ. ನೋಟಿಸು, ಇಲ್ಲವೇ ಬ್ಯಾಂಕಿನ ಸಾಲದ ನವೀಕರಣ. ಈ ಬಾರಿ ಅವರು ಮೇಜಿನ ಮೇಲಿಟ್ಟದ್ದು ನೋಟ್ ಪುಸ್ತಕದಿಂದ ಹರಿದ ಒಂದು ಹಾಳೆಯನ್ನು. ಅದರಲ್ಲಿ ದುಬೈ, ಸಿಂಗಪುರ, ಪೋರ್ಚುಗಲ್, ಮಾರಿಷಸ್, ಆಸ್ಟ್ರೇಲಿಯ ಎಂದು ಐದು ಹೆಸರುಗಳಿದ್ದವು. "ಇದ್ರಲ್ಲಿ ಯಾವ್ದು ಅಂತ ನೀವೇ ಹೇಳ್ಬಿಡಿ ಸಾರ್" ಎಂದರು.

ವಿಷಯ ಹೀಗಿದೆ. ಅವರ ಮಗ ಕೆನಡಾದ ಎಡ್ಮಂಟನ್ ನಗರದಲ್ಲಿ 16 ವರ್ಷಗಳಿಂದ ಉದ್ಯೋಗದಲ್ಲಿದ್ದಾರೆ. ಅಲ್ಲಿಯ ಪೌರತ್ವವನ್ನೂ ಪಡೆದಿದ್ದಾರೆ. ಹಿಂದಿನ ವರ್ಷ ತಂದೆತಾಯಿಯರನ್ನು ಅಲ್ಲಿಗೆ ಕರೆಸಿಕೊಂಡಿದ್ದರು. ಶೂನ್ಯಕ್ಕಿಂತ 30 ಡಿಗ್ರಿ ಕೆಳಗಿಳಿಯುವ ಚಳಿ ಅಲ್ಲಿಯದು. ಮನೆಯ ಮುಂದಿನ ಹೆಪ್ಪುಗಟ್ಟಿದ ಹಾದಿಯಲ್ಲಿ ತಾಯಿ ಜಾರಿ ಬಿದ್ದು ಮಣಿಕಟ್ಟು ಮುರಿಯಿತು. ಅಂದಿನಿಂದ ಮಗನದು ಒಂದೇ ಮಾತು: ಅಮ್ಮ ಈ ಚಳಿಯಲ್ಲಿ ಇರಲಾರರು, ನೀವಿಬ್ಬರೇ ಊರಿನಲ್ಲಿರುವುದೂ ಬೇಡ, ಮಂಡಿ, ನಿವೇಶನ, ಗದ್ದೆಗಳನ್ನು ಮಾರಿಬಿಡಿ, ಎಲ್ಲರೂ ಕೂಡಿ ಬೆಚ್ಚಗಿರುವ ದೇಶವೊಂದಕ್ಕೆ ಹೋಗಿ ನೆಲೆಸೋಣ. ಮಾರಬೇಕಾದದ್ದು ನಲವತ್ತು ವರ್ಷಗಳ ವ್ಯಾಪಾರ, ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಕಬ್ಬಿನ ಗದ್ದೆ ಮತ್ತು ಶ್ರೀರಂಗಪಟ್ಟಣದ ಒಂದು ನಿವೇಶನ.

ಇದು ಒಂದು ಮನೆಯ ಕಥೆಯಲ್ಲ. ಕೃಷ್ಣರಾಜಪೇಟೆಯ ತೆಂಗಿನಕಾಯಿ ವರ್ತಕರೊಬ್ಬರ ಮಗಳು ಇಂಗ್ಲೆಂಡಿನಲ್ಲಿ ವೈದ್ಯೆ. ನಾಗಮಂಗಲದ ಹಾರ್ಡ್‌ವೇರ್ ವ್ಯಾಪಾರಿಯೊಬ್ಬರ ಮಗ ಅಮೆರಿಕದ ಮಿಷಿಗನ್‌ನಲ್ಲಿದ್ದಾರೆ. ಅವರಿಂದಲೂ ಇದೇ ಪ್ರಶ್ನೆ ನನಗೆ ಬಂದಿದೆ. ಆದ್ದರಿಂದ ಈ ವಿಚಾರವನ್ನು ನಮ್ಮ ವರ್ತಕ ಬಾಂಧವರ ಮುಂದಿಡುವುದು ಉಚಿತವೆನಿಸಿತು.

ಮೊದಲು ಹವೆಯ ಮಾತನ್ನು ಮುಗಿಸಿಬಿಡೋಣ. ಹವೆಯನ್ನು ನೋಡಿ ನೆಲೆ ಬದಲಿಸುವುದು ಈ ಸೀಮೆಗೆ ಹೊಸದೇನೂ ಅಲ್ಲ. 1799ರಲ್ಲಿ ಶ್ರೀರಂಗಪಟ್ಟಣವನ್ನು ಹಿಡಿದ ಈಸ್ಟ್ ಇಂಡಿಯಾ ಕಂಪನಿ ತನ್ನ ದಂಡನ್ನು ಇಲ್ಲಿಯೇ ಇರಿಸಿತು. ಕಾವೇರಿಯ ಎರಡು ಕವಲುಗಳ ನಡುವಿನ ಆ ದ್ವೀಪದ ಜ್ವರ ಸಿಪಾಯಿಗಳನ್ನು ಬಲಿತೆಗೆದುಕೊಂಡಿತು. 1809ರಲ್ಲಿ ದಂಡು ಬೆಂಗಳೂರಿಗೆ ಹೋಯಿತು. ಬೆಂಗಳೂರು ಬೆಳೆಯಿತು, ಪಟ್ಟಣ ಸೊರಗಿತು. ಕಂಪನಿಗೆ ಆಗ ವೀಸಾದ ಚಿಂತೆ ಇರಲಿಲ್ಲವೆಂಬುದು ಬೇರೆ ಮಾತು.

ನಮ್ಮವರು ಸಾಮಾನ್ಯವಾಗಿ ಮರೆಯುವ ಅಂಶವೆಂದರೆ, ಶ್ರೀರಂಗಪಟ್ಟಣದ ಹವೆ ಹಿತವಾಗಿರುವುದು ಅದು ಸಮುದ್ರಮಟ್ಟದಿಂದ ಸುಮಾರು 680 ಮೀಟರ್ ಎತ್ತರದಲ್ಲಿರುವುದರಿಂದ. ದುಬೈ, ಸಿಂಗಪುರ ಎರಡೂ ಕಡಲ ದಡದ ಊರುಗಳು. ದುಬೈಯಲ್ಲಿ ಬೇಸಿಗೆಯ ತಾಪ 40 ಡಿಗ್ರಿಯನ್ನು ದಾಟುತ್ತದೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರವರೆಗೆ ಬಯಲಿನಲ್ಲಿ ಕೆಲಸ ಮಾಡಿಸುವುದನ್ನೇ ಅಲ್ಲಿ ನಿಷೇಧಿಸಲಾಗಿದೆ. ಸಿಂಗಪುರದಲ್ಲಿ ವರ್ಷವಿಡೀ ಒಂದೇ ಸೆಕೆ. ಮಾರಿಷಸ್ ಹಿತಕರವಾದರೂ ಚಂಡಮಾರುತಗಳ ಹಾದಿಯಲ್ಲಿದೆ. ಪಟ್ಟಿಯಲ್ಲಿ ನಮ್ಮ ಹವೆಗೆ ಹತ್ತಿರ ಬರುವುದು ಆಸ್ಟ್ರೇಲಿಯದ ಬ್ರಿಸ್ಬೇನ್ ಸೀಮೆ; ಅಲ್ಲಿಯೂ ಚಳಿಗಾಲದ ರಾತ್ರಿ ನಮಗಿಂತ ತಂಪು.

ಯಾವ ಹಕ್ಕಿನ ಮೇಲೆ ಇರುವಿರಿ?

ನಾನು ಯಜಮಾನರಿಗೆ ಮೊದಲು ಕೇಳಿದ್ದು ಇದನ್ನು: ಸಂಪಾದನೆ ನಿಂತ ಮೇಲೆ ನಿಮ್ಮನ್ನು ಆ ದೇಶದಲ್ಲಿ ಯಾರು ಇರಿಸಿಕೊಳ್ಳುತ್ತಾರೆ? ಬಾಡಿಗೆ ಮಳಿಗೆಯನ್ನು ಹಿಡಿಯುವಾಗ ಕರಾರಿನ ಅವಧಿಯನ್ನು ಓದುವ ನಾವು, ದೇಶವನ್ನೇ ಹಿಡಿಯುವಾಗ ಅದನ್ನು ಓದದೆ ಹೊರಡುತ್ತೇವೆ.

ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ. 2022ರ ಮೇ 1ರಿಂದ ಭಾರತದೊಡನೆ ವ್ಯಾಪಾರ ಒಪ್ಪಂದವೂ ಜಾರಿಯಲ್ಲಿದೆ. ದುಡಿಯುವ ವಯಸ್ಸಿನವರಿಗೆ, ವಿಶೇಷವಾಗಿ ಬೆಲ್ಲ, ಅಕ್ಕಿ, ತೆಂಗಿನ ರಫ್ತಿನ ಯೋಚನೆಯಿರುವವರಿಗೆ, ಅದು ಒಳ್ಳೆಯ ಸ್ಥಳವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅಲ್ಲಿಯ ವಾಸ ಉದ್ಯೋಗಕ್ಕೋ ಆಸ್ತಿಗೋ ಅಂಟಿಕೊಂಡದ್ದು. ಹತ್ತು ವರ್ಷಗಳ ಗೋಲ್ಡನ್ ವೀಸಾಕ್ಕೆ ಆಸ್ತಿಯ ಮಾರ್ಗದಲ್ಲಿ 20 ಲಕ್ಷ ದಿರ್ಹಮ್ ಬೆಲೆಯ ಮನೆ ಬೇಕು. ಸಾಮಾನ್ಯ ಉದ್ಯೋಗ ವೀಸಾದಲ್ಲಿರುವ ಮಗ ತಂದೆತಾಯಿಯರನ್ನು ಕರೆಸಿಕೊಂಡರೆ ಅವರ ಅನುಮತಿಯನ್ನು ವರ್ಷ ವರ್ಷವೂ ನವೀಕರಿಸಬೇಕು. ಮಗನ ಕೆಲಸ ಹೋದರೆ ಮೂವರೂ ಗಂಟುಮೂಟೆ ಕಟ್ಟಬೇಕು. ವ್ಯಾಪಾರ ತೆರೆಯುವವರು ಇನ್ನೊಂದನ್ನು ಗಮನಿಸಬೇಕು: 2023ರ ಜೂನ್ 1ರಂದು ಮತ್ತು ಆನಂತರ ಆರಂಭವಾಗುವ ಲೆಕ್ಕದ ವರ್ಷಗಳಲ್ಲಿ 3,75,000 ದಿರ್ಹಮ್ ಮೀರಿದ ಲಾಭಕ್ಕೆ ಅಲ್ಲಿಯೂ ಶೇ. 9ರ ತೆರಿಗೆ ಇದೆ. 'ದುಬೈಯಲ್ಲಿ ತೆರಿಗೆಯೇ ಇಲ್ಲ' ಎಂಬುದು ಹಳೆಯ ಮಾತಾಯಿತು.

ಸಿಂಗಪುರದಲ್ಲಿ ಉದ್ಯೋಗದಲ್ಲಿರುವ ವಿದೇಶೀಯರು ತಂದೆತಾಯಿಯರನ್ನು ದೀರ್ಘಾವಧಿಗೆ ಕರೆಸಿಕೊಳ್ಳಲು ತಿಂಗಳಿಗೆ ಕನಿಷ್ಠ 12,000 ಸಿಂಗಪುರ ಡಾಲರ್ ಸಂಬಳವಿರಬೇಕು. 2023ರ ಏಪ್ರಿಲ್ 27ರಿಂದ ವಿದೇಶೀಯರು ಮನೆ ಕೊಂಡರೆ ಬೆಲೆಯ ಶೇ. 60ರಷ್ಟು ಹೆಚ್ಚುವರಿ ಮುದ್ರಾಂಕ ಶುಲ್ಕವಿದೆ. ಇದನ್ನು ಹೇಳಿದಾಗ ಯಜಮಾನರು ತಾವೇ ಪೆನ್ನು ತೆಗೆದು ಆ ಹೆಸರನ್ನು ಹೊಡೆದುಹಾಕಿದರು. ಪೋರ್ಚುಗಲ್ ಕೂಡ ಬೇಗನೆ ಹೋಯಿತು. ಮನೆ ಕೊಂಡು ವಾಸದ ಹಕ್ಕು ಪಡೆಯುವ ಮಾರ್ಗ ಅಲ್ಲಿ 2023ರ ಅಕ್ಟೋಬರ್‌ನಲ್ಲಿ ಮುಚ್ಚಿತು. ಸ್ಪೇನ್ ಅದನ್ನೇ 2025ರ ಏಪ್ರಿಲ್‌ನಲ್ಲಿ ಮುಚ್ಚಿತು. ಆಸ್ಟ್ರೇಲಿಯದಲ್ಲಿ ಮಗ ಕಾಯಂ ನಿವಾಸಿಯಾದ ಮೇಲಷ್ಟೇ ತಂದೆತಾಯಿಯರ ಅರ್ಜಿ. ದುಬಾರಿ ಶುಲ್ಕದ ದಾರಿ ಒಂದು, ದಶಕಗಳ ಕಾಯುವಿಕೆಯ ದಾರಿ ಇನ್ನೊಂದು. ಅರವತ್ತೈದು ದಾಟಿದವರಿಗೆ ಎರಡನೆಯದು ದಾರಿಯೇ ಅಲ್ಲ.

ಮಗನ ಕಡೆಯ ಲೆಕ್ಕವೂ ಇದೆ. ಕೆನಡಾದ ವೃದ್ಧಾಪ್ಯ ಪಿಂಚಣಿಯನ್ನು ಹೊರದೇಶದಲ್ಲಿದ್ದುಕೊಂಡು ನಿರಂತರವಾಗಿ ಪಡೆಯಬೇಕಾದರೆ 18 ವರ್ಷ ತುಂಬಿದ ಮೇಲೆ ಕನಿಷ್ಠ 20 ವರ್ಷ ಅಲ್ಲಿ ವಾಸಿಸಿರಬೇಕೆಂಬುದು ಸಾಮಾನ್ಯ ನಿಯಮ. ಅವರಿಗೆ ಆಗಿರುವುದು 16. ಜೊತೆಗೆ ಕೆನಡಾದ ವಾಸ ಬಿಡುವಾಗ, ಷೇರು ಮುಂತಾದ ಹೂಡಿಕೆಗಳನ್ನು ಮಾರಿದಂತೆಯೇ ಭಾವಿಸಿ ಆ ದಿನದ ಬೆಲೆಯ ಮೇಲೆ ತೆರಿಗೆ ವಿಧಿಸುತ್ತಾರೆ. ಮಾರದೆಯೇ ತೆರಿಗೆ!

ಕೃಷ್ಣರಾಜಪೇಟೆಯವರ ಮಗಳ ವಿಷಯದಲ್ಲಿ ಇನ್ನೊಂದು ವಿಚಿತ್ರ ಕಂಡಿತು. ಬ್ರಿಟನ್ನಿನ ಸರ್ಕಾರಿ ಪಿಂಚಣಿಯನ್ನು ಯಾವ ದೇಶದಲ್ಲಿದ್ದರೂ ಪಡೆಯಬಹುದು. ಆದರೆ ವರ್ಷ ವರ್ಷದ ಏರಿಕೆ ಎಲ್ಲ ದೇಶಗಳಲ್ಲೂ ಸಿಗದು. ಮಾರಿಷಸ್‌ನಲ್ಲಿ ನೆಲೆಸಿದವರಿಗೆ ಏರಿಕೆ ಉಂಟು. ಭಾರತ, ಆಸ್ಟ್ರೇಲಿಯಗಳಲ್ಲಿ ನೆಲೆಸಿದವರಿಗೆ ಇಲ್ಲ. ಇಪ್ಪತ್ತು ವರ್ಷ ಬದುಕುವವರಿಗೆ ಇದು ಸಣ್ಣ ಮೊತ್ತವಲ್ಲ. ಇನ್ನು ನಾಗಮಂಗಲದವರ ಮಗ ಅಮೆರಿಕದ ಪ್ರಜೆ. ಆ ದೇಶ ತನ್ನ ಪ್ರಜೆಗಳ ಆದಾಯಕ್ಕೆ ಅವರು ಎಲ್ಲಿದ್ದರೂ ತೆರಿಗೆಯ ಲೆಕ್ಕ ಕೇಳುತ್ತದೆ. ದುಬೈಗೆ ಹೋದರೂ ಅಲ್ಲಿಯ ರಿಟರ್ನ್ ತಪ್ಪದು. ಅವರಿಗೆ ನಾನು ಹೇಳಿದ್ದು, ದೇಶ ಬಿಡುವುದೇಕೆ, ಟೆಕ್ಸಾಸ್ ಅಥವಾ ಫ್ಲಾರಿಡಾಕ್ಕೆ ಹೋಗಲಿ. ಬಿಸಿಲೂ ಇದೆ, ರಾಜ್ಯದ ಮಟ್ಟದ ಆದಾಯ ತೆರಿಗೆಯೂ ಇಲ್ಲ ಎಂದು.

ಮಾರುವುದಾದರೆ ಯಾವಾಗ, ಕಳುಹಿಸುವುದಾದರೆ ಹೇಗೆ

ವರ್ತಕರು ಅತಿ ಹೆಚ್ಚು ನಷ್ಟ ಮಾಡಿಕೊಳ್ಳುವುದು ಇಲ್ಲಿ. 2024ರ ಜುಲೈ 23ಕ್ಕಿಂತ ಮೊದಲು ಕೊಂಡ ನಿವೇಶನ, ಕಟ್ಟಡಗಳನ್ನು ದೀರ್ಘಾವಧಿಯ ನಂತರ ಮಾರುವಾಗ, ಹಣದುಬ್ಬರ ಸೂಚ್ಯಂಕವಿಲ್ಲದೆ ಶೇ. 12.5, ಇಲ್ಲವೇ ಸೂಚ್ಯಂಕದೊಡನೆ ಶೇ. 20, ಇವುಗಳಲ್ಲಿ ಕಡಿಮೆಯದನ್ನು ಕಟ್ಟುವ ಅನುಕೂಲ ನಿವಾಸಿ ವ್ಯಕ್ತಿಗಳಿಗೆ ಮತ್ತು ನಿವಾಸಿ ಅವಿಭಕ್ತ ಕುಟುಂಬಗಳಿಗೆ ಮಾತ್ರ ಇದೆ. ಅನಿವಾಸಿಗಳಿಗಿಲ್ಲ. ಒಂದು ಉದಾಹರಣೆ ನೋಡಿ. 2004–05ರಲ್ಲಿ 12 ಲಕ್ಷಕ್ಕೆ ಕೊಂಡ ನಿವೇಶನವನ್ನು 2025–26ರಲ್ಲಿ 45 ಲಕ್ಷಕ್ಕೆ ಮಾರಿದರೆ ಲಾಭ 33 ಲಕ್ಷ, ಶೇ. 12.5ರಂತೆ ತೆರಿಗೆ ಸುಮಾರು 4.12 ಲಕ್ಷ. ಸೂಚ್ಯಂಕವು 113ರಿಂದ 376ಕ್ಕೆ ಏರಿರುವುದರಿಂದ ಕೊಂಡ ಬೆಲೆ ಸುಮಾರು 39.93 ಲಕ್ಷವಾಗುತ್ತದೆ, ಉಳಿದ 5.07 ಲಕ್ಷದ ಮೇಲೆ ಶೇ. 20ರಂತೆ ತೆರಿಗೆ ಸುಮಾರು 1.01 ಲಕ್ಷ. ಸೆಸ್ ಬೇರೆ. ನಿವಾಸಿಯಾಗಿರುವಾಗಲೇ ಮಾರಿದರೆ ಮೂರು ಲಕ್ಷಕ್ಕೂ ಮಿಗಿಲಾಗಿ ಉಳಿಯುತ್ತದೆ. ಅನಿವಾಸಿ ಮಾರಿದರೆ, ಮೊತ್ತ ಎಷ್ಟೇ ಚಿಕ್ಕದಾಗಿರಲಿ, ಕೊಳ್ಳುವವರು ಮೂಲದಲ್ಲಿಯೇ ತೆರಿಗೆ ಮುರಿದುಕೊಳ್ಳಬೇಕಾದ ತೊಡಕೂ ಸೇರಿಕೊಳ್ಳುತ್ತದೆ.

ಹಣ ಕಳುಹಿಸುವ ಮಿತಿ ನಿವಾಸಿ ವ್ಯಕ್ತಿಯೊಬ್ಬರಿಗೆ ಆರ್ಥಿಕ ವರ್ಷಕ್ಕೆ 2,50,000 ಅಮೆರಿಕನ್ ಡಾಲರ್. ಇದು ವ್ಯಕ್ತಿಗಳಿಗಷ್ಟೇ, ಪಾಲುದಾರಿಕೆ ಸಂಸ್ಥೆಯ ಅಥವಾ ಅವಿಭಕ್ತ ಕುಟುಂಬದ ಖಾತೆಯಿಂದ ನೇರವಾಗಿ ಕಳುಹಿಸುವಂತಿಲ್ಲ. 2025ರ ಏಪ್ರಿಲ್ 1ರಿಂದ 10 ಲಕ್ಷ ರೂಪಾಯಿ ಮೀರಿದ ಮೊತ್ತಕ್ಕೆ, ಹೂಡಿಕೆ ಅಥವಾ ಬಂಧುಗಳಿಗೆ ಕೊಡುಗೆಯಂಥ ಉದ್ದೇಶಗಳಾದರೆ, ಬ್ಯಾಂಕು ಶೇ. 20ರಷ್ಟನ್ನು ಮೊದಲೇ ಸಂಗ್ರಹಿಸುತ್ತದೆ. 60 ಲಕ್ಷ ಕಳುಹಿಸಲು ಇನ್ನೂ 10 ಲಕ್ಷ ಕೈಯಲ್ಲಿರಬೇಕು. ಅದು ಮುಂದೆ ತೆರಿಗೆಗೆ ವಜಾ ಆಗುತ್ತದೆ, ಇಲ್ಲವೇ ಹಿಂದಿರುಗುತ್ತದೆ, ನಿಜ. ಆದರೆ ಕಬ್ಬಿನ ಸುಗ್ಗಿಯಲ್ಲಿ 10 ಲಕ್ಷ ಸಿಕ್ಕಿಬಿದ್ದರೆ ಮಂಡಿಯವನ ಪಾಡೇನೆಂಬುದನ್ನು ನಮ್ಮ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ.

ಗದ್ದೆಯ ವಿಷಯ ಎಲ್ಲಕ್ಕಿಂತ ಸೂಕ್ಷ್ಮವಾದುದು. 2020ರಲ್ಲಿ ಕರ್ನಾಟಕ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿಯಾಗಿ, ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದಾಯಿತು. ಇದನ್ನು ಕೇಳಿ ಅನೇಕರು, ಈಗ ಮಾರಿ ಹೋಗೋಣ, ಮನಸ್ಸಾದರೆ ಮಗ ಮತ್ತೆ ಕೊಳ್ಳುತ್ತಾನೆ ಎಂದುಕೊಂಡಿದ್ದಾರೆ. ಅದು ತಪ್ಪು. ವಿದೇಶಿ ವಿನಿಮಯ ನಿರ್ವಹಣಾ ಕಾಯಿದೆಯ ನಿರ್ಬಂಧ ಹಾಗೆಯೇ ಇದೆ: ಅನಿವಾಸಿ ಭಾರತೀಯರಾಗಲಿ, ಸಾಗರೋತ್ತರ ಪೌರತ್ವದ ಚೀಟಿ ಹೊಂದಿದವರಾಗಲಿ ಕೃಷಿಭೂಮಿ, ತೋಟ, ತೋಟದ ಮನೆಗಳನ್ನು ಕೊಳ್ಳುವಂತಿಲ್ಲ, ದಾನವಾಗಿಯೂ ಪಡೆಯುವಂತಿಲ್ಲ. ಉತ್ತರಾಧಿಕಾರದಿಂದ ಮಾತ್ರ ಬರಬಹುದು. ಆದ್ದರಿಂದ ವಿದೇಶದಲ್ಲಿರುವ ಮಕ್ಕಳಿಗೆ ಗದ್ದೆ ಸೇರಬೇಕೆಂದಿದ್ದರೆ ದಾನಪತ್ರ ಬರೆಯಬೇಡಿ, ಉಯಿಲು ಬರೆಯಿರಿ.

ಹೊರಟ ಮೇಲೂ ದಿನಗಳ ಲೆಕ್ಕ ಬಿಡುವುದಿಲ್ಲ. ಹೊರದೇಶದಲ್ಲಿ ನೆಲೆಸಿ ಊರಿಗೆ ಬಂದುಹೋಗುವ ಭಾರತೀಯರು ವರ್ಷದಲ್ಲಿ 182 ದಿನ ಇಲ್ಲಿದ್ದರೆ ನಿವಾಸಿ. ಇಲ್ಲಿಯ ಆದಾಯ 15 ಲಕ್ಷ ಮೀರಿದ್ದು, ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇಲ್ಲಿದ್ದವರಿಗೆ 2020–21ರಿಂದ ಆ ಮಿತಿ 120 ದಿನ. ಅಷ್ಟು ಆದಾಯವಿರುವ ಭಾರತೀಯ ಪ್ರಜೆ, ವಾಸದ ಕಾರಣಕ್ಕೆ ಯಾವ ದೇಶದಲ್ಲೂ ತೆರಿಗೆಗೆ ಒಳಪಡದಿದ್ದರೆ, ಒಂದು ದಿನವೂ ಬಾರದಿದ್ದರೂ ಇಲ್ಲಿಯ ನಿವಾಸಿಯೆಂದೇ ಭಾವಿಸಲಾಗುತ್ತದೆ. ಹಾಗೆಂದು ಅವರ ವಿದೇಶಿ ಆದಾಯವೆಲ್ಲಕ್ಕೂ ತೆರಿಗೆಯಿಲ್ಲ. ಆದರೆ ಇಲ್ಲಿಂದ ನಿಯಂತ್ರಿಸುವ ವ್ಯಾಪಾರದ ಆದಾಯಕ್ಕೆ ಉಂಟು. ಪಾಂಡವಪುರದಲ್ಲಿ ಕುಳಿತ ಪಾಲುದಾರರ ಅಪ್ಪಣೆಯಂತೆ ದುಬೈ ಅಂಗಡಿ ನಡೆಸುವವರು ಇದನ್ನು ಎರಡು ಬಾರಿ ಓದಿಕೊಳ್ಳಲಿ. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಆದಾಯ ತೆರಿಗೆ ಕಾಯಿದೆಯೂ ಈ ಎಣಿಕೆಯನ್ನು ಉಳಿಸಿಕೊಂಡಿದೆ.

ಇಷ್ಟೆಲ್ಲ ಕೇಳಿದ ಮೇಲೆ ಯಜಮಾನರು, "ಹಂಗಾದ್ರೆ ಯಾವ ದೇಶ ಅಂತ ಹೇಳ್ಲೇ ಇಲ್ವಲ್ಲ" ಎಂದರು. ನನ್ನ ಅಭಿಪ್ರಾಯವನ್ನು ಮರೆಮಾಚದೆ ಹೇಳಿದೆ. ಮಗ ಒಬ್ಬರೇ ಹತ್ತು ವರ್ಷ ದುಡಿಯುವುದಾದರೆ ದುಬೈ. ಎಲ್ಲರೂ ಕೊನೆಯವರೆಗೆ ನೆಲೆಸುವುದಾದರೆ, ಮಗನಿಗೆ ಮೊದಲು ಕಾಯಂ ವಾಸ ದೊರೆತರೆ ಮಾತ್ರ, ಆಸ್ಟ್ರೇಲಿಯ. ಎರಡಕ್ಕೂ ನಾಲ್ಕು ವರ್ಷ ತಡೆದರೆ ಪಿಂಚಣಿಯ 20 ವರ್ಷ ತುಂಬುತ್ತದೆ. ಅಲ್ಲಿಯವರೆಗೆ ಕೆನಡಾದೊಳಗೇ ಚಳಿ ಕಡಿಮೆಯಿರುವ ಪಶ್ಚಿಮ ಕರಾವಳಿಯತ್ತ, ವ್ಯಾಂಕೂವರ್ ಅಥವಾ ವಿಕ್ಟೋರಿಯಾ ಕಡೆಗೆ, ಕೆಲಸ ನೋಡಿಕೊಳ್ಳಲಿ ಎಂದೆ.

ಆ ರಾತ್ರಿ ಅಪ್ಪ, ಮಗ ಎರಡು ತಾಸು ಫೋನಿನಲ್ಲಿ ಮಾತನಾಡಿದರಂತೆ. ಮಂಡಿಯನ್ನು ಸದ್ಯಕ್ಕೆ ಮಾರುವುದಿಲ್ಲ. ತಮ್ಮನ ಮಗನನ್ನು ಪಾಲುದಾರನಾಗಿ ಸೇರಿಸಿಕೊಂಡಿದ್ದಾರೆ. ಶ್ರೀರಂಗಪಟ್ಟಣದ ನಿವೇಶನಕ್ಕೆ ಕರಾರಾಗಿದೆ. ಗದ್ದೆಗೆ ಉಯಿಲು ನೋಂದಣಿಯಾಗಿದೆ. ಮಗ ವ್ಯಾಂಕೂವರ್‌ನ ಎರಡು ಕಂಪನಿಗಳಿಗೆ ಅರ್ಜಿ ಹಾಕಿದ್ದಾರೆ. ದಂಪತಿಗಳು ಮೇ ತಿಂಗಳಲ್ಲಿ ಹೊರಟು ಸೆಪ್ಟೆಂಬರ್ ಕೊನೆಗೆ ಹಿಂದಿರುಗಲು ಟಿಕೆಟ್ ಮಾಡಿಸಿದ್ದಾರೆ. ಒಂದು ವರ್ಷದಲ್ಲಿ 183 ದಿನ ತಂಗಿದರೆ ಕೆನಡಾದ ತೆರಿಗೆಯವರು ನಿವಾಸಿಯೆಂದು ಎಣಿಸುವ ಸಂಭವವಿರುವುದರಿಂದ ಆ ದಿನಾಂಕವನ್ನು ನಾನೇ ಗುರುತು ಮಾಡಿಕೊಟ್ಟೆ. ಅಮ್ಮನವರು ಮಾತ್ರ ಇನ್ನೂ ಹದಿನೈದು ದಿನ ಮುಂಚೆಯೇ ಬರಬೇಕೆಂದು ಹಟ ಹಿಡಿದಿದ್ದಾರಂತೆ, ಗೌರಿ ಹಬ್ಬಕ್ಕೆ ಊರಿನಲ್ಲಿರಬೇಕೆಂದು.