ನಿಂತ ಗಾಡಿಯನ್ನು ಹೊರಡಿಸುವ ಬಗೆ

ರಾಯಚೂರಿನ ಕೋಟೆಯನ್ನು ನೋಡಿದವರು ಅದರ ಗೋಡೆಯಲ್ಲಿರುವ ಒಂದು ಬೃಹತ್ತಾದ ಶಿಲೆಯನ್ನು ಮರೆಯಲಾರರು. ಅದರ ಉದ್ದ ಸುಮಾರು 41 ಅಡಿ. ಕ್ರಿ.ಶ. 1294ರಲ್ಲಿ, ಕಾಕತೀಯರ ಕಾಲದಲ್ಲಿ, ಕೋಟೆ ಕಟ್ಟಿಸಿದ ಸಂಗತಿಯನ್ನು ಸಾರುವ ತೆಲುಗು ಶಾಸನ ಅದರ ಮೇಲಿದೆ. ಇಂತಹ ಕಲ್ಲನ್ನು ಸಾಗಿಸಿದ ಬಗೆಯನ್ನು ಶಿಲ್ಪಿಗಳು ಅಲ್ಲಿಯೇ ಕೆತ್ತಿದ್ದಾರೆ. ಕೋಣಗಳ ಸಾಲೊಂದು ಬಂಡಿಯನ್ನು ಎಳೆಯುತ್ತಿದೆ. ಆಳುಗಳು ಸನ್ನೆಕೋಲುಗಳಿಂದ ಗಾಲಿಗಳನ್ನು ಮುಂದಕ್ಕೆ ಮೀಟುತ್ತಿದ್ದಾರೆ. ಭಾರವನ್ನು ನಿಂತಲ್ಲಿಂದ ಕದಲಿಸುವುದೇ ಕಷ್ಟವೆಂಬುದು ಅವರಿಗೆ ತಿಳಿದಿತ್ತು.

ಇಂದು ಮಾನ್ವಿಯ ಕಡೆಯ ಕಾಲುವೆ ಕೆಳಗಿನ ಗದ್ದೆಗಳಿಂದ ನೆಲ್ಲನ್ನೂ, ದೇವದುರ್ಗದ ಕಡೆಯಿಂದ ಹತ್ತಿಯನ್ನೂ ಹೊತ್ತು ರಾಯಚೂರಿಗೆ ಬರುವ ಟ್ರಾಕ್ಟರುಗಳಿಗೂ ಇದೇ ಸಮಸ್ಯೆಯಿದೆ. ಪಂದ್ಯದ ಮೋಟಾರು ಕಾರಿಗೂ ಇರುವುದು ಇದೇ. ಆಟೋಕ್ರಾಸ್ ಎಂಬ ಸ್ಪರ್ಧೆಯಲ್ಲಿ ಮೈದಾನದ ಮೇಲೆ ಗುರುತುಗಳನ್ನಿಟ್ಟು, ಕಾರುಗಳನ್ನು ಗಡಿಯಾರಕ್ಕೆ ಎದುರಾಗಿ ಓಡಿಸುವರು. ಅಲ್ಲಿಯೂ ಕಾರು ನಿಂತಲ್ಲಿಂದಲೇ ಹೊರಡಬೇಕು. ಯಂತ್ರವನ್ನು ಕೆಡಿಸದೆ ಹೊರಡುವುದು ಹೇಗೆಂಬುದನ್ನು ನಾವು ಇಲ್ಲಿ ವಿಚಾರ ಮಾಡೋಣ.

ಎತ್ತುಗಳು ನಿಂತಲ್ಲಿಯೇ ನೊಗಕ್ಕೆ ಹೆಗಲು ಕೊಟ್ಟು ಎಳೆಯಬಲ್ಲವು. ಎಂಜಿನ್ನಿಗೆ ಈ ಗುಣವಿಲ್ಲ; ಅದು ತಿರುಗುತ್ತಿದ್ದರೆ ಮಾತ್ರ ಬಲ ಕೊಡುತ್ತದೆ. ತಿರುಗುವ ಎಂಜಿನ್ನನ್ನು ನಿಂತ ಚಕ್ರಗಳಿಗೆ ಜೋಡಿಸುವ ಸಾಧನವೇ ಕ್ಲಚ್ಚು. ಎಂಜಿನ್ನಿನ ಭಾರವಾದ ಫ್ಲೈವೀಲಿಗೂ ಒತ್ತುವ ತಟ್ಟೆಗೂ ನಡುವೆ, ಎರಡು ಮುಖಗಳಲ್ಲಿಯೂ ಘರ್ಷಣದ ಪದರವುಳ್ಳ ಇನ್ನೊಂದು ತಟ್ಟೆಯಿರುತ್ತದೆ. ಪೆಡಲನ್ನು ತುಳಿದಾಗ ಇದು ಸಡಿಲವಾಗಿರುವುದು. ಬಿಟ್ಟಂತೆಲ್ಲ ಸ್ಪ್ರಿಂಗಿನ ಒತ್ತಡದಿಂದ ಬಿಗಿಯಾಗುವುದು. ಎರಡರ ವೇಗಗಳು ಸಮನಾಗುವವರೆಗೆ ಅವು ಒಂದರ ಮೇಲೊಂದು ಜಾರುತ್ತವೆ.

ಈ ಜಾರುವಿಕೆಯಲ್ಲಿ ಎಷ್ಟು ಶಕ್ತಿ ಉಷ್ಣವಾಗುತ್ತದೆ? ಎಂಜಿನ್ ಒಂದೇ ವೇಗದಲ್ಲಿ ತಿರುಗುತ್ತ, ಒಂದೇ ತಿರುಚುಬಲವನ್ನು ಕೊಡುತ್ತಿದೆಯೆಂದು ಭಾವಿಸೋಣ. ಕ್ಲಚ್ಚಿನ ತಟ್ಟೆ ಸೊನ್ನೆಯಿಂದ ತೊಡಗಿ ಎಂಜಿನ್ನಿನ ವೇಗಕ್ಕೆ ಏರುವುದರಿಂದ ಅದರ ಸರಾಸರಿ ವೇಗ ಎಂಜಿನ್ನಿನದರ ಅರ್ಧ. ಆದ್ದರಿಂದ ಎಂಜಿನ್ ಕೊಟ್ಟ ಶಕ್ತಿಯಲ್ಲಿ ಅರ್ಧ ಗಾಡಿಗೆ ಚಲನಶಕ್ತಿಯಾಗಿ ಸಲ್ಲುವುದು. ಉಳಿದರ್ಧ ಕ್ಲಚ್ಚಿನಲ್ಲಿ ಉಷ್ಣವಾಗುವುದು. ಚಾಲಕನು ಎಷ್ಟೇ ಕುಶಲನಾದರೂ, ಈ ವೇಗದಲ್ಲಿ ಈ ತೆರಿಗೆಯನ್ನು ತಪ್ಪಿಸಲಾರನು. ಆದರೆ ತೆರಿಗೆಯ ಮೊತ್ತವನ್ನು ಇಳಿಸಬಲ್ಲನು.

ಒಂದು ಲೆಕ್ಕವನ್ನು ನೋಡೋಣ. ಟ್ರಾಕ್ಟರು, ಟ್ರೇಲರು, ನೆಲ್ಲಿನ ಚೀಲಗಳು ಎಲ್ಲ ಸೇರಿ 10,000 ಕಿಲೋಗ್ರಾಂ ಇರಲಿ. ಕೆಳಗಿನ ಗೇರಿನಲ್ಲಿ ಕ್ಲಚ್ಚು ಪೂರ್ತಿ ಹಿಡಿಯುವಾಗ ಗಾಡಿಯ ವೇಗ ಸೆಕೆಂಡಿಗೆ 1 ಮೀಟರ್ ಆದರೆ, ಚಲನಶಕ್ತಿ 5,000 ಜೌಲ್. ಕ್ಲಚ್ಚಿನ ಉಷ್ಣವೂ ಅಷ್ಟೇ. ಮೇಲಿನ ಗೇರಿನಲ್ಲಿ ಹೊರಟು ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಹಿಡಿದರೆ ಅದು 45,000 ಜೌಲ್, ಅಂದರೆ ಒಂಬತ್ತು ಪಟ್ಟು. ಏರು ದಾರಿಯಿದ್ದರೆ ಇದಕ್ಕಿಂತ ಹೆಚ್ಚು. ಎಂಜಿನ್ನಿನ ವೇಗವನ್ನು ಎರಡರಷ್ಟು ಏರಿಸಿ ಕ್ಲಚ್ಚು ಬಿಟ್ಟರೆ ಉಷ್ಣ ನಾಲ್ಕರಷ್ಟಾಗುವುದೂ ಈ ಕಾರಣದಿಂದಲೇ. ಪದೇ ಪದೇ ಹೀಗೆ ಮಾಡಿದರೆ ಪದರ ಸುಟ್ಟು ವಾಸನೆ ಬರುವುದು.

ಹಾಗಾದರೆ ಪೆಡಲನ್ನು ಥಟ್ಟನೆ ಬಿಟ್ಟುಬಿಡಬಹುದೇ? ಅದರಲ್ಲಿ ಬೇರೊಂದು ಕೇಡುಂಟು. ಫ್ಲೈವೀಲಿನ ವೇಗವನ್ನು ಅರ್ಧ ಸೆಕೆಂಡಿನಲ್ಲಿ ಇಳಿಸುವ ಬದಲು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಇಳಿಸಿದರೆ, ಅದು ಒದಗಿಸುವ ತಿರುಚುಬಲ ಐದು ಪಟ್ಟಾಗುತ್ತದೆ. ಈ ಏಟು ಗೇರಿನ ಹಲ್ಲುಗಳಿಗೂ ಆಕ್ಸಲಿಗೂ ಬೀಳುವುದು. ಕ್ಲಚ್ಚು ತನ್ನ ಮಿತಿಯನ್ನು ಮೀರಿದಾಗ ಜಾರಿ ಸ್ವಲ್ಪ ರಕ್ಷಣೆ ಕೊಡುತ್ತದೆ. ಪಂದ್ಯಕ್ಕೆಂದು ಅತಿ ಬಿಗಿಯಾದ ಕ್ಲಚ್ಚನ್ನು ಹಾಕಿಸಿದರೆ, ಮುರಿಯುವ ಸರದಿ ಆಕ್ಸಲಿನದು. ಟಯರು ಜಾರಿ ಮತ್ತೆ ಹಠಾತ್ತಾಗಿ ಹಿಡಿತ ಪಡೆಯುವಾಗಲೂ ಇಂತಹುದೇ ಹೊಡೆತ ಬೀಳುತ್ತದೆ.

ಆದುದರಿಂದ ಒಳ್ಳೆಯ ಚಾಲಕನದು ಮಧ್ಯಮಮಾರ್ಗ. ಅವನು ಮೊದಲನೆಯ ಗೇರಿನಲ್ಲಿ, ಎಂಜಿನ್ನನ್ನು ಅಗತ್ಯಕ್ಕಿಂತ ಹೆಚ್ಚು ಭೋರ್ಗರೆಸದೆ, ಪೆಡಲನ್ನು ಹಿಡಿತ ಸಿಗುವ ಸ್ಥಾನಕ್ಕೆ ಬೇಗನೆ ತರುತ್ತಾನೆ. ಅಲ್ಲಿ ಒಂದು ಕ್ಷಣ ತಡೆದು, ಗಾಡಿ ಚಲಿಸಿದೊಡನೆ ಪೂರ್ತಿ ಬಿಟ್ಟು ಕಾಲನ್ನು ತೆಗೆಯುತ್ತಾನೆ. ಟಯರು ನೆಲವನ್ನು ಹಿಡಿದ ಮೇಲೆಯೇ ಪೂರ್ಣ ಬಲವನ್ನು ಕೊಡುತ್ತಾನೆ. ಒಂದು ಓಟಕ್ಕೂ ಇನ್ನೊಂದಕ್ಕೂ ನಡುವೆ ಕ್ಲಚ್ಚು ತಣಿಯಲು ಬಿಡುತ್ತಾನೆ.

ಪಂದ್ಯದಲ್ಲಿ ತಪ್ಪಿದರೆ ಹೋಗುವುದು ಆಕ್ಸಲ್; ಎರೆಹೊಲದಲ್ಲಿ ತಪ್ಪಿದರೆ ಪ್ರಾಣವೇ ಹೋದೀತು. ಮಳೆಗೆ ನೆನೆದ ಎರೆಮಣ್ಣಿನಲ್ಲಿ ಟ್ರಾಕ್ಟರಿನ ಹಿಂದಿನ ಚಕ್ರಗಳು ಹೂತು ತಿರುಗಲಾರದೆ ಹೋದವೆನ್ನಿ. ಆಗ ಕ್ಲಚ್ಚನ್ನು ಥಟ್ಟನೆ ಬಿಟ್ಟರೆ, ಆಕ್ಸಲಿನ ಸುತ್ತ ಟ್ರಾಕ್ಟರಿನ ದೇಹವೇ ತಿರುಗತೊಡಗುವುದು. ಮುಂಭಾಗ ಮೇಲೆದ್ದು, ಒಂದೆರಡು ಸೆಕೆಂಡುಗಳೊಳಗೆ ಚಾಲಕನ ಮೇಲೆ ಮಗುಚಬಹುದು. ಚಕ್ರಕ್ಕೆ ಮರದ ತುಂಡನ್ನು ಕಟ್ಟಿ ಹತ್ತಿಸಲು ನೋಡುವುದು, ಎಳೆಯುವ ಸರಪಣಿಯನ್ನು ಆಕ್ಸಲಿಗಿಂತ ಎತ್ತರದಲ್ಲಿ ಕಟ್ಟುವುದು, ಇವೆರಡೂ ಈ ಅಪಾಯವನ್ನು ಬೆಳೆಸುತ್ತವೆ. ಸರಪಣಿಯನ್ನು ಕೆಳಗಿನ ಕೊಂಡಿಗೇ ಕಟ್ಟಬೇಕು. ಚಕ್ರದ ಸುತ್ತ ಮಣ್ಣನ್ನು ಅಗೆದು, ಸಾಧ್ಯವಾದರೆ ಹಿಂದಕ್ಕೆ ತೆಗೆಯಬೇಕು. ಮುಂಭಾಗ ಏಳುವುದು ಕಂಡರೆ ಆ ಕ್ಷಣವೇ ಕ್ಲಚ್ಚನ್ನು ತುಳಿಯಬೇಕು. ನಮ್ಮ ವಾಚಕರಲ್ಲಿ ಒಕ್ಕಲುತನದ ಮನೆಯವರಿದ್ದರೆ ಇದನ್ನು ಮನೆಯಲ್ಲಿ ಓದಿ ಹೇಳಬೇಕೆಂದು ನಾವು ಕೋರುತ್ತೇವೆ.

ಸನ್ನೆಕೋಲನ್ನು ಹಿಡಿದವನು ಕೈಯನ್ನು ಹೆಚ್ಚು ದೂರ ಚಲಿಸಿ, ಗಾಲಿಗೆ ಹೆಚ್ಚು ಬಲವನ್ನು ಪಡೆಯುತ್ತಾನೆ. ಕೆಳಗಿನ ಗೇರು ಮಾಡುವುದೂ ಇದನ್ನೇ. ರಾಯಚೂರಿನ ಕೋಟೆಯ ಆ ಕೆತ್ತನೆಯನ್ನು ಮುಂದೊಮ್ಮೆ ನೋಡುವಾಗ, ಕೋಣಗಳ ಜೊತೆಗೆ ಗಾಲಿಯ ಬಳಿ ನಿಂತ ಆ ಆಳುಗಳನ್ನೂ ಗಮನಿಸಿರಿ.